ಅರ್ಧ ಮಿಲಿಮೀಟರ್

"ಒಂದು ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಕರೆಕ್ಟಾಗಿ ಕೂತಿದೆ," ಎಂದರು ಡಾಕ್ಟರ್ ನಿವೇದಿತಾ. ಹಿಂದಿನ ದಿನವಷ್ಟೇ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದ ಶೈಲಾ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಳು. ಕಂಪ್ಯೂಟರಿನಲ್ಲಿ ಅವಳ ಹಲ್ಲುಗಳ ಸ್ಕ್ಯಾನ್ ಇತ್ತು. ಮೇಲಿನ ಸಾಲಿನ ಎಡಗಡೆಯ ಒಂದು ಹಲ್ಲಿನಲ್ಲಿ, ತಂತಿ ಹಿಡಿಯಲು ಅಂಟಿಸಿದ ಪುಟ್ಟ ಬ್ರ್ಯಾಕೆಟ್ ಮಾತ್ರ ಗೊತ್ತುಮಾಡಿದ ಜಾಗಕ್ಕಿಂತ ಅರ್ಧ ಮಿಲಿಮೀಟರ್ ಮೇಲಿತ್ತು.

ಕುಷ್ಟಗಿ ಕಡೆಯ ಹನುಮೇಶ ಬಾಗಿಲ ಬಳಿ ನಿಂತಿದ್ದ. ಹೆಬ್ಬಗೋಡಿಯ ಈ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹನ್ನೆರಡು ವರ್ಷಗಳಿಂದ ಪ್ಲಾಸ್ಟರ್ ಹಲ್ಲುಗಳ ಮೇಲೆ ಹಲ್ಲಿನ ತುದಿಯಿಂದ ಇಷ್ಟು ದೂರವೆಂದು ಅಳೆದು ಬ್ರ್ಯಾಕೆಟ್ ಕೂರಿಸಿ, ಎಲ್ಲವನ್ನೂ ಒಟ್ಟಿಗೆ ಬಾಯಿಗೆ ದಾಟಿಸುವ ಟ್ರೇ ಮಾಡಿಕೊಡುತ್ತಿದ್ದವನು ಅವನೇ. ಹೋದ ತಿಂಗಳು ನೋಡೋಣವೆಂದು ತರಿಸಿದ ಮಿಷಿನ್ನಿಗೆ ಆ ಅಳತೆಯೆಲ್ಲ ಬೇಡ. ಮೇಡಂ ಕಂಪ್ಯೂಟರಿನಲ್ಲಿ ಬ್ರ್ಯಾಕೆಟ್ ಇಟ್ಟ ಕಡೆಗೇ ಗೂಡು ಬಿಟ್ಟು ಟ್ರೇಯನ್ನು ತಾನೇ ಅಚ್ಚು ಹಾಕುತ್ತದೆ. ಗೂಡಿಗೊಂದು ಬ್ರ್ಯಾಕೆಟ್ ತುರುಕಿದರೆ ಮುಗಿಯಿತು. ಅದು ಇಲ್ಲೇ ಉಳಿದರೆ ತನ್ನ ಅನ್ನಕ್ಕೆ ಕಲ್ಲು ಬಿದ್ದಂತೆಯೇ ಎಂದು ಅವನಿಗೆ ದಿಗಿಲಾಗಿತ್ತು.

"ಈ ಮಿಷಿನ್ನನ್ನ ನಂಬೋದು ಹೇಗೆ? ವಾಪಸ್ ಕಳಿಸ್ಬಿಡ್ತೀನಿ," ಎಂದರು ಮೇಡಂ. "ಮೊದಲಿನ ಥರ ನೀವೇ ಮಾಡಿ, ಹನುಮೇಶ್."

ಹ್ಞೂಂ ಅಂದರೆ ಸಾಕಿತ್ತು. ಆದರೆ ಆ ಹಲ್ಲಿನ ಗೂಡನ್ನು ಕೆರೆದವನು ಅವನೇ. ಮಿಷಿನ್ ಅಚ್ಚು ಹಾಕಿದ ಶೈಲಾಳ ಟ್ರೇ ಕೈಗೆ ಬಂದಾಗ ಹಳೇ ಚಾಳಿ ಬಿಡದೆ ಅಳತೆಕಡ್ಡಿ ಹಿಡಿದು ನೋಡಿದ್ದ. ಆ ಹಲ್ಲಿನಲ್ಲಿ ಬ್ರ್ಯಾಕೆಟ್ ತುದಿಗೆ ತೀರಾ ಹತ್ತಿರವಿತ್ತು. ಮಿಷಿನ್ ಎಡವಟ್ಟು ಮಾಡಿತೆಂದು ಒಳಗೊಳಗೇ ಹಿಗ್ಗಿದರೂ, ಹಾಗೇ ಬಿಡಲು ಮನಸ್ಸಾಗದೆ, ಯಾರಿಗೂ ಹೇಳದೆ ಗೂಡನ್ನು ಮೇಲಕ್ಕೆ ಕೆರೆದು, ಕೆಳಗೆ ಮೇಣ ತುಂಬಿದ್ದ.

"ಮಿಷಿನ್ ತಪ್ಪಲ್ರೀ ಮೇಡಂ," ಎಂದ. "ಅದನ್ನ ನಾನ ಕೆರದು ಮ್ಯಾಲೆ ಸರಿಸೀನಿ."

ಮೇಡಂ ಕಂಪ್ಯೂಟರನ್ನು ಅವನತ್ತ ತಿರುಗಿಸಿ ಆ ಹಲ್ಲು ತೋರಿಸಿದರು. ಬೈಯಲಿಲ್ಲ. ಆ ಹಲ್ಲಿನ ತುದಿ ಮುಕ್ಕಾಗಿದೆ, ಕೊನೆಯಲ್ಲಿ ಅದನ್ನು ತುಂಬಿ ಉದ್ದ ಮಾಡುವುದಿದೆ, ಆಗ ತುದಿಯಿಂದ ಅಳತೆ ಸರಿಹೋಗುತ್ತದೆ, ಅದಕ್ಕೇ ತಾವು ಬೇಕೆಂದೇ ಅಷ್ಟು ಕೆಳಗಿಟ್ಟದ್ದು ಎಂದರು. ಮುಕ್ಕನ್ನು ಅವನು ಗಮನಿಸಿಯೇ ಇರಲಿಲ್ಲ. ಮಿಷಿನ್ ವಾಪಸ್ ಕಳಿಸುವ ಮಾತನ್ನು ಮೇಡಂ ಮತ್ತೆ ಎತ್ತಲಿಲ್ಲ.

ಬ್ರ್ಯಾಕೆಟ್ ಕಿತ್ತು, ಹಲ್ಲು ಒರೆಸಿ, ಹೊಸದೊಂದಕ್ಕೆ ಅಂಟು ಹಚ್ಚಿ, ಟ್ರೇ ಇಲ್ಲದೆ ಕೈಯಿಂದಲೇ ಹಲ್ಲಿನ ಮೇಲೆ ಕೂರಿಸಿದರು. "ನೋಡಿ, ಸರಿಯಿದೆಯಾ?"

ಹನುಮೇಶ ಬಗ್ಗಿ ನೋಡಿದ. ಅವನ ಕಣ್ಣಿಗೆ ಅದು ಈಗಲೂ ಅರ್ಧ ಮಿಲಿಮೀಟರ್ ಕೆಳಗೇ ಇತ್ತು.

"ಸರಿ ಐತ್ರಿ," ಎಂದು, ಅಂಟು ಗಟ್ಟಿ ಮಾಡುವ ನೀಲಿ ದೀಪವನ್ನು ಎತ್ತಿ ಅವರ ಕೈಗೆ ಕೊಟ್ಟ.