ಕೂಗಿದರೂ ಬಾರದ ಮೇಷ್ಟ್ರುಗಳು

ಭದ್ರಾವತಿಯ ಕೋರ್ಟಿನಲ್ಲಿ ನನ್ನ ಕೆಲಸ ಕೂಗುವುದು. ಜಡ್ಜ್ ಸಾಹೇಬರು ಕೇಸು ಕೈಗೆತ್ತಿಕೊಂಡ ಕೂಡಲೇ ನಾನು ಬಾಗಿಲಿಗೆ ಬಂದು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ಬರದವರು ಗೈರುಹಾಜರು. ಹದಿನೇಳು ವರ್ಷ ಬಾಗಿಲಲ್ಲಿ ನಿಂತು ಸುಳ್ಳು ಸಾಕ್ಷಿಗಳನ್ನು ಕೇಳಿ ಕೇಳಿ ಯಾರ ಮಾತನ್ನೂ ನಂಬದ ಚಟ ನನಗೆ ಅಂಟಿಕೊಂಡಿದೆ. "ದೇವ್ರೇ ಪ್ರತ್ಯಕ್ಷ ಆದ್ರೂ ನಮ್ಮ ದುರ್ಗಮ್ಮ ಆಧಾರ್ ಕಾರ್ಡ್ ಕೇಳ್ತಾಳೆ" ಎಂದು ನನ್ನ ಗಂಡ ಚೌಡಯ್ಯ ನನ್ನನ್ನು ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮಗಳು ಸಂಘಮಿತ್ರಾಗೆ ವಕೀಲೆಯಾಗುವ ಹಠ. ಪಿಯುಸಿ ಮುಗಿದಿದೆ. ಶಿವಮೊಗ್ಗದ ಹಳೆಯ ಕಾಲೇಜಿನ ಮೊದಲ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಎರಡನೆಯ ಪಟ್ಟಿ ಮುಂದಿನ ವಾರ. ಅಷ್ಟರಲ್ಲಿ ಸವಳಂಗ ರಸ್ತೆಯ ಇನ್ನೊಂದು ಕಾಲೇಜಿನಿಂದ ಫೋನು ಬಂತು. ಒಂದೇ ಸೀಟು ಉಳಿದಿದೆ, ನಾಳೆ ನಾಲ್ಕು ಗಂಟೆಯೊಳಗೆ ಬನ್ನಿ ಎಂದರು. ಆ ಕಾಲೇಜಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನನ್ನನ್ನೇ ಯಾರಾದರೂ ಕೂಗುವ ಹಾಗಾದೀತು.

ಮರುದಿನ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಒಂದೇ ಚಿಂತೆ. ಬಾರ್ ಕೌನ್ಸಿಲ್ ಒಪ್ಪಿಗೆಯಿಲ್ಲದ ಕಡೆ ಓದಿದರೆ ಸರ್ಟಿಫಿಕೇಟನ್ನು ಗೋಡೆಗೆ ನೇತುಹಾಕಬಹುದು, ಕರಿಕೋಟು ಹಾಕುವಂತಿಲ್ಲ. ಐದು ವರ್ಷ ಮಣ್ಣುಪಾಲು. ಈ ಸೀಟು ಬಿಟ್ಟು ಎರಡನೆಯ ಪಟ್ಟಿಯಲ್ಲೂ ಹೆಸರು ಬರದಿದ್ದರೆ ಒಂದು ವರ್ಷ ಮನೆಯಲ್ಲಿ. ಆಗ ಸಂಬಂಧ ಹಿಡಿದುಕೊಂಡು ಬರುವವರಿಗೆ ನಮ್ಮ ಬೀದಿಯಲ್ಲಿ ಬರವಿಲ್ಲ. ಅದು ಸಂಘಮಿತ್ರಾಗೂ ಗೊತ್ತಿತ್ತು. ಅದಕ್ಕೇ ಅವಳು ಕಾಲೇಜಿನವರು ಫೋನಿಗೆ ಕಳಿಸಿದ್ದ ಅರ್ಜಿಯನ್ನು ಪ್ರಿಂಟ್ ತೆಗೆಸಿ ಬಸ್ಸಿನಲ್ಲೇ ತುಂಬಿಬಿಟ್ಟಿದ್ದಳು.

ಕಾಲೇಜಿನಲ್ಲಿ ನಮ್ಮನ್ನು ಎದುರುಗೊಂಡವನು ಸತೀಶ್, ಅಡ್ಮಿಷನ್ ನೋಡಿಕೊಳ್ಳುವವನು. ನೆಲ ಫಳಫಳ, ಅವನ ಬೂಟೂ ಫಳಫಳ. ಮೇಲೆ ತಳುಕಿದ್ದಲ್ಲಿ ಒಳಗೆ ಹುಳುಕು ಹುಡುಕುವುದು ನನ್ನ ಸ್ವಭಾವ.

"ಸೋಗಾನೆ ಏರ್‌ಪೋರ್ಟಿಂದ ಇಲ್ಲಿಗೆ ತುಂಬಾ ಹತ್ರ ಮೇಡಂ" ಎಂದ.

"ನಾವು ಭದ್ರಾವತಿ ಬಸ್ಸಲ್ಲಿ ಬಂದೋರು. ಬಾರ್ ಕೌನ್ಸಿಲ್ ಪತ್ರ ತೋರ್ಸಿ."

"ಅದು ಛೇರ್ಮನ್ ಲಾಕರಲ್ಲಿದೆ. ಅವ್ರು ಊರಲ್ಲಿಲ್ಲ."

"ಜೆರಾಕ್ಸೂ ಲಾಕರಲ್ಲೇ ಇದ್ಯಾ?"

"ಅಮ್ಮಾ, ಸಾಕು ಮಾರಾಯ್ತಿ" ಎಂದು ಸಂಘಮಿತ್ರಾ ನನ್ನ ಸೆರಗು ಜಗ್ಗಿದಳು. "ಎಲ್ಲಾದಕ್ಕೂ ಅನುಮಾನ ನಿಂಗೆ. ಈ ಸೀಟೂ ಹೋದ್ರೆ ನಾನೇನ್ ಮಾಡ್ಲಿ?" ಅವಳ ಕಣ್ಣು ತುಂಬಿತ್ತು. ನನ್ನ ಚಟಕ್ಕೆ ಮಗಳ ಓದನ್ನು ಬಲಿ ಕೊಡುತ್ತಿದ್ದೇನೆಯೇ ಎಂದು ನನಗೇ ಅನಿಸಿತು. ಸತೀಶ್ ಮೆಲ್ಲಗೆ ಅವಳ ಕೈಯಿಂದ ಅರ್ಜಿ ತೆಗೆದುಕೊಂಡ.

ಅವನು ಕೊಟ್ಟ ಬಣ್ಣದ ಪುಸ್ತಕದಲ್ಲಿ ಒಂಬತ್ತು ಮೇಷ್ಟ್ರುಗಳ ಹೆಸರಿತ್ತು. ಕಾರಿಡಾರಿನಲ್ಲಿ ಮಾತ್ರ ನರಪಿಳ್ಳೆಯ ಸದ್ದಿರಲಿಲ್ಲ.

"ಇವರೆಲ್ಲ ಎಲ್ಲಿ?" ಎಂದೆ.

"ಒಳಗೇ ಇದ್ದಾರೆ ಮೇಡಂ. ಬಿಜಿ."

ಒಳಗಿದ್ದರೆ ಒಳ್ಳೆಯದೇ ಆಯಿತು. ನಾನು ಎದ್ದು ಕಾರಿಡಾರಿನ ನಡುವೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡೆ.

"ಪ್ರೊಫೆಸರ್ ರಾಮಚಂದ್ರಪ್ಪಾ! ರಾಮಚಂದ್ರಪ್ಪಾ! ರಾಮಚಂದ್ರಪ್ಪಾ!"

ಯಾರೂ ಬರಲಿಲ್ಲ. "ಗೈರುಹಾಜರು" ಎಂದು ನಾನೇ ಹೇಳಿ ಎರಡನೆಯ ಹೆಸರಿಗೆ ಹೋದೆ. ಸತೀಶ್ "ಮೇಡಂ, ಮೇಡಂ" ಎನ್ನುತ್ತ ಹಿಂದೆಯೇ ಓಡಾಡಿದ. ನಮ್ಮ ಕೋರ್ಟಿನ ಗೇಟಿನಾಚೆ ಟೀ ಕುಡಿಯುವವರಿಗೂ ಮುಟ್ಟುವ ದನಿ ನನ್ನದು. ಸಂಘಮಿತ್ರಾ ನಾಚಿಕೆಯಿಂದ ಗೋಡೆಯತ್ತ ತಿರುಗಿದಳು. ಎಂಟು ಹೆಸರು ಮುಗಿದವು. ಎಂಟೂ ಗೈರು.

"ವಿದ್ಯಾಶ್ರೀ! ವಿದ್ಯಾಶ್ರೀ! ವಿದ್ಯಾಶ್ರೀ!"

ಕೊನೆಯ ಕೋಣೆಯ ಬಾಗಿಲು ತೆರೆಯಿತು. ಇಪ್ಪತ್ತೇಳೆಂಟರ ಹುಡುಗಿಯೊಬ್ಬಳು ಕೈಯಲ್ಲಿ ಚಾಕ್‌ಪೀಸ್ ಹಿಡಿದು ಹೊರಗೆ ಬಂದಳು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಒಬ್ಬಳಾದರೂ ಇದ್ದಾಳಲ್ಲ ಎಂದು ಮಗಳ ಮುಖವೂ ಅರಳಿತು.

ಚಟ ಬಿಡಬೇಕಲ್ಲ. "ಇದಕ್ಕೆ ಮುಂಚೆ ಯಾವ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡ್ತಿದ್ರಿ ಮೇಡಂ?" ಎಂದು ಕೇಳಿದೆ.

ಅವಳು ಸತೀಶ್‌ನನ್ನು ನೋಡಿದಳು. ಅವನು ನೆಲ ನೋಡಿದ. ಸಂಘಮಿತ್ರಾಳ ಅರ್ಜಿ ಅವನ ಕೈಯಲ್ಲಿತ್ತು. ಅದರ ಮೇಲಿನ ಫೋಟೊವನ್ನು ವಿದ್ಯಾಶ್ರೀ ಬಗ್ಗಿ ನೋಡಿದಳು.

"ಯಾವ ಕೋರ್ಟಲ್ಲೂ ಇಲ್ಲಮ್ಮ. ನಾನು ಇಲ್ಲೇ ಓದಿದ್ದು. ಪಾಸಾದ ಮೇಲೆ ಬಾರ್ ಕೌನ್ಸಿಲ್‌ಗೆ ಹೋದ್ರೆ ಈ ಕಾಲೇಜು ಅವ್ರ ಲಿಸ್ಟಲ್ಲೇ ಇಲ್ಲ ಅಂದ್ರು. ಅಪ್ಪ ಆಗ್ಲೇ ಕೋಟು ಹೊಲಿಸಿಬಿಟ್ಟಿದ್ರು. ಎರಡು ವರ್ಷದಿಂದ ಬೀರುವಲ್ಲಿದೆ. ಇನ್ನೆಲ್ಲಿಗೆ ಹೋಗ್ಲಿ, ಇಲ್ಲೇ ಪಾಠ ಮಾಡ್ತೀನಿ."

ಗೆದ್ದೆನೆಂದು ಬೀಗಬೇಕಿತ್ತು. ಬೀಗಲಿಲ್ಲ, ನಾಚಿಕೆಯಾಯಿತು. ಕಳ್ಳನನ್ನು ಹಿಡಿಯಲು ಹೋಗಿ ಕಳಕೊಂಡವಳನ್ನು ಎಲ್ಲರೆದುರು ನಿಲ್ಲಿಸಿದ್ದೆ.

"ವಿದ್ಯಾಶ್ರೀ, ನಾಳೆಯಿಂದ ಬರ್ಬೇಡಿ" ಎಂದ ಸತೀಶ್.

"ಸರಿ" ಎಂದಳು ಅವಳು. ಚಾಕ್‌ಪೀಸನ್ನು ಅವನ ಜೇಬಿಗೇ ಹಾಕಿದಳು.

ಆಗ ಸಂಘಮಿತ್ರಾ ಗೋಡೆ ಬಿಟ್ಟು ಬಂದು ಸತೀಶ್‌ನ ಕೈಯಿಂದ ಅರ್ಜಿಯನ್ನು ಎಳೆದುಕೊಂಡಳು.

"ಮೇಡಂ, ಇವ್ರ ಮೇಲೆ ಕೇಸು ಹಾಕಿದ್ದೀರಾ?"

"ಇಲ್ಲ. ನಡೆಸೋರು ಯಾರು?"

"ಹಳೇ ಕಾಲೇಜಿನ ಎರಡನೇ ಪಟ್ಟಿಲೂ ನನ್ನ ಹೆಸ್ರು ಬರದಿದ್ರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತೀನಿ. ಲಾ ಓದೋದಂತೂ ಖಂಡಿತ. ಕೇಸು ಈಗ್ಲೇ ಹಾಕಿ, ನಮ್ಮ ಕೋರ್ಟಲ್ಲಿ ಹೆಂಗೂ ಬೇಗ ಮುಗಿಯಲ್ಲ. ನಾನು ವಕೀಲೆಯಾಗಿ ಬಂದು ಸೇರ್ಕೋತೀನಿ."

ವಿದ್ಯಾಶ್ರೀ ನಗುತ್ತಾಳೆಂದುಕೊಂಡೆ. ಅವಳು ನಗಲಿಲ್ಲ. ಸಂಘಮಿತ್ರಾಳ ಕೈಯಿಂದ ಅರ್ಜಿಯನ್ನು ತೆಗೆದುಕೊಂಡು ಗೋಡೆಗೆ ಒತ್ತಿ ಹಿಡಿದು, ಅದರ ಬೆನ್ನಿಗೆ ತನ್ನ ಪೂರ್ತಿ ಹೆಸರು, ತಂದೆಯ ಹೆಸರು, ಆಲ್ಕೊಳದ ವಿಳಾಸ, ಫೋನ್ ನಂಬರು ಬರೆದಳು. ಕಕ್ಷಿದಾರರು ಹೇಗೆ ಬರೆಯುತ್ತಾರೋ ಹಾಗೆ, ಒಂದನ್ನೂ ಬಿಡದೆ.