ಎರಡನೇ ಬಟ್ಟಲು

ಸತ್ತ ಕುರಿಗಳನ್ನು ಗುಡಾರದ ಹಿಂದೆ ಸೌದೆಯ ಹಾಗೆ ಒಟ್ಟಿದ್ದರು. ದೂರದಲ್ಲಿ ಗಾಡಿಯ ಸದ್ದು ಕೇಳಿದ ಕೂಡಲೇ ಮುದುಕ ಗೊಂಚಿಗ್ ಮಾಡಿದ ಮೊದಲ ಕೆಲಸವೆಂದರೆ ಆ ರಾಶಿಯ ಮೇಲೆ ಒಂದು ಹರಕು ಕಂಬಳಿ ಎಳೆದದ್ದು.

ಮಗ ತುಮೆನ್ ನೋಡುತ್ತ ನಿಂತಿದ್ದ. "ಚೆನ್ನಾಗಿ ಮುಚ್ಚಪ್ಪ. ಆ ಕಡೆ ಒಂದು ಕಾಲು ಹೊರಗೇ ಇದೆ."

"ಬಾಯ್ಮುಚ್ಚೋ. ದೂರದಿಂದ ಬರೋರ ಕಣ್ಣಿಗೆ ಮೊದ್ಲು ಹೆಣ ಬೀಳಬೇಕಾ?"

"ನಮ್ಮ ಕಣ್ಣಿಗೆ ದಿನಾ ಬೀಳ್ತಿದೆಯಲ್ಲ."

ಗೊಂಚಿಗ್ ಹೊರಗೆ ನೆಟ್ಟಗೆ ಚಾಚಿಕೊಂಡಿದ್ದ ಕಾಲನ್ನು ಬೂಟಿನಿಂದ ಒಳಕ್ಕೆ ತಳ್ಳಿದ. ಅದು ಬಗ್ಗಲಿಲ್ಲ.

ಝುಡ್ ಎಂಬ, ದನಕುರಿ ಕೊಲ್ಲುವ ಚಳಿಗಾಲ ಬಂದ ವರ್ಷ ಅದು. ಹಿಮ ಬಿದ್ದು, ಕರಗಿ, ಮತ್ತೆ ಕಲ್ಲಾಗಿ, ಹುಲ್ಲುಗಾವಲಿಗೆ ಗಾಜಿನ ಮುಚ್ಚಳ ಹಾಕಿದಂತಾಗಿತ್ತು. ಕೆಳಗೆ ಹುಲ್ಲಿತ್ತು, ಮೇಲೆ ಕುರಿಗಳಿದ್ದವು, ಒಂದಕ್ಕೊಂದು ಸಿಗಲಿಲ್ಲ. ನಿಂತ ನಿಂತಲ್ಲೇ ಸತ್ತವು. ಅದನ್ನಾದರೂ ತುಮೆನ್ ತಡೆದುಕೊಂಡಿದ್ದ. ಕುರಿ ಹೋದರೆ ಕುರಿ. ಈಗ ಅಮ್ಮ ಮಲಗಿದ್ದಳು. ಯಾಂಜ್ಮಾಳ ಬಲಹೊಟ್ಟೆಯಲ್ಲಿ ಶುರುವಾದ ನೋವು ನಿನ್ನೆಯಿಂದ ಇಡೀ ಹೊಟ್ಟೆಗೆ ಹಬ್ಬಿತ್ತು. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು, ಮೈ ಸುಡುತ್ತಿತ್ತು. ತುಮೆನ್ ಫೋನಿಗೆ ಸಿಗ್ನಲ್ ಸಿಗುವ ಗುಡ್ಡದ ನೆತ್ತಿ ಹತ್ತಿ ಆಸ್ಪತ್ರೆಗೆ ಕರೆ ಮಾಡಿದ್ದ. ಅಲ್ಲಿದ್ದ ಒಂದೇ ವ್ಯಾನು ಯಾವುದೋ ಬಸುರಿಯನ್ನು ತರಲು ಹೋಗಿ ಹಿಮದಲ್ಲಿ ಹೂತು ಕೂತಿತ್ತು. 'ಯಾವ ಗಾಡಿ ಸಿಕ್ಕಿದ್ರೂ ಸರಿ, ತಕ್ಷಣ ಕರ್ಕೊಂಡು ಬನ್ನಿ. ಕರುಳು ಒಡೆದಿರಬಹುದು' ಎಂದಿದ್ದಳು ದಾದಿ.

ಆ ಸೀಮೆಯಲ್ಲಿ ಆ ತಿಂಗಳು ಗಾಡಿ ಎಲ್ಲಿಂದ ಬರಬೇಕು? ಆದರೂ ಬಂದಿತ್ತು. ಬಿಳಿ ಜೀಪು, ದೊಡ್ಡ ಚಕ್ರ. ಈ ಕಡೆಯವನೇ ಆದ ಓಚಿರ್ ಪ್ರವಾಸಿಗರಿಗಾಗಿ ಓಡಿಸುತ್ತಿದ್ದ ಜೀಪು.

"ಅಪ್ಪಾ, ಕೇಳಿಲ್ಲಿ. ಬಂದ ತಕ್ಷಣ ಹೇಳ್ಬಿಡು. ಇಲ್ಲಾಂದ್ರೆ ನಾನು ಹೇಳ್ತೀನಿ."

"ಮನೆ ಯಜಮಾನ ಇನ್ನೂ ಸತ್ತಿಲ್ಲ. ನಾನೇ ಹೇಳ್ತೀನಿ. ಬಂದೋರು ಕೂತ್ಕೊಳ್ಳಲಿ, ಚಹಾ ಕುಡೀಲಿ. ಎರಡನೇ ಬಟ್ಟಲು ಬಗ್ಗಿಸ್ದಾಗ ಹೇಳ್ತೀನಿ."

"ಎರಡನೇ ಬಟ್ಟಲು!"

"ಹೂಂ. ದಾರೀಲಿ ಇರೋರಿಗೆ ಹೊಸ್ತಿಲಲ್ಲೇ ಕೆಟ್ಟ ಸುದ್ದಿ ಹೇಳಿದ್ರೆ ಅವರ ದಾರಿಗೂ ಕೆಟ್ಟದ್ದು, ಮಲಗಿರೋಳಿಗೂ ಕೆಟ್ಟದ್ದು. ಬಾಯಿಂದ ಬಿದ್ದ ಮಾತು ನೆಲಕ್ಕೆ ಬಿದ್ದು ಸುಮ್ನಿರಲ್ಲ. ನಮ್ಮಪ್ಪ ಹಾಗೇ ಬದುಕ್ದ, ನಾನೂ ಹಾಗೇ."

ತುಮೆನ್ ಉಗುಳಿದ. ಉಗುಳು ನೆಲ ಮುಟ್ಟುವಷ್ಟರಲ್ಲಿ ಗಟ್ಟಿಯಾಯಿತು.

"ನಾಯಿ ಹಿಡ್ಕೊಳ್ಳಿ" ಎಂದು ಓಚಿರ್ ಜೀಪಿನಿಂದಲೇ ಕೂಗಿದ. ಯಾರ ಮನೆಗೆ ಹೋದರೂ ಹೀಗೆ ಕೂಗಿಯೇ ಇಳಿಯಬೇಕು. ಅಷ್ಟು ಮಾತ್ರ ಅವನಿಗೆ ನೆನಪಿತ್ತು. ಇದೇ ಬಯಲಿನಲ್ಲಿ ಹುಟ್ಟಿ ಬೆಳೆದವನು, ಪಟ್ಟಣ ಸೇರಿ ಕಪ್ಪು ಕನ್ನಡಕ ಹಾಕಿಕೊಂಡಿದ್ದ.

"ನಾಯಿ ಕಚ್ಚಲ್ಲ ಓಚಿರಣ್ಣ" ಎಂದ ತುಮೆನ್. "ಹೊಟ್ಟೆ ತುಂಬಿದೆ ಅದಕ್ಕೆ. ಈ ವರ್ಷ ನಮ್ಮನೇಲಿ ಕೊಬ್ಬಿರೋದು ಅದೊಂದೇ."

ಓಚಿರ್ ನಕ್ಕುಬಿಟ್ಟ. ಹಿಂದಿನಿಂದ ಇಬ್ಬರು ವಿದೇಶಿಯರು ಇಳಿದರು, ಗಂಡ ಹೆಂಡತಿ. ಗಂಡನ ಕೊರಳಲ್ಲಿ ಕ್ಯಾಮೆರಾ. ಹೆಂಡತಿ ಹಳದಿ ಕೋಟು ತೊಟ್ಟಿದ್ದಳು, ಮೂಗು ಕೆಂಪಗಾಗಿತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಒಂದೇ ವಾಕ್ಯವನ್ನು ಗೊಂಚಿಗ್‌ನ ಮುಂದೆ ಒಪ್ಪಿಸಿದಳು: "ಚಳಿಗಾಲ ಚೆನ್ನಾಗಿ ಕಳೀತಿದೀರಾ?"

ಗೊಂಚಿಗ್‌ನ ಮುಖ ಅರಳಿತು. "ಚೆನ್ನಾಗಿ ಕಳೀತಿದೀವಿ ಕಣಮ್ಮ. ನಿಮ್ಮ ಪ್ರಯಾಣ ಸುಖವಾಗಾಯ್ತಾ?"

ಕಂಬಳಿಯ ಕೆಳಗಿನಿಂದ ಆ ಕಾಲು ಮತ್ತೆ ಹೊರಗೆ ಚಾಚಿತ್ತು.

ಒಳಗೆ ಹೋಗಿ ನೋಡಿದರೆ ಯಾಂಜ್ಮಾ ಎದ್ದು ಕೂತಿದ್ದಳು. ತಲೆಗೆ ಒಗೆದ ವಸ್ತ್ರ ಕಟ್ಟಿಕೊಂಡಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ, ಆದರೂ ಒಲೆಯ ಮುಂದೆ ಕೂತು ಚಹಾ ಮೊಗೆಯುತ್ತಿದ್ದಳು. ತುಮೆನ್ ಅವಳ ಕೈಯಿಂದ ಸೌಟು ಕಿತ್ತುಕೊಳ್ಳಲು ಹೋದ. ಅವಳು ಬಿಡಲಿಲ್ಲ.

"ಅತಿಥಿ ಬಂದಾಗ ಹೆಂಗಸು ಹಾಸಿಗೇಲಿದ್ರೆ ಮನೆ ಸೂತಕದ ಮನೆ ಥರ ಇರುತ್ತೆ ಮಗಾ" ಎಂದಳು ಮೆಲ್ಲಗೆ. "ಒಂದು ಗಳಿಗೆ. ಆಮೇಲೆ ಮಲಗ್ತೀನಿ."

"ಯಾಂಜ್ಮಕ್ಕಾ, ಹೇಗಿದೀರಿ?" ಎಂದ ಓಚಿರ್.

"ಚೆನ್ನಾಗಿದೀನಪ್ಪ. ನಿಮ್ಮಮ್ಮ ಆರಾಮಾ?"

ಹೀಗೇ ನಡೆಯಿತು. ಎಲ್ಲರೂ ಚೆನ್ನಾಗಿದ್ದರು. ಕುರಿ ಕೊಬ್ಬಿವೆಯಾ ಎಂದು ಕೇಳಿದ, ಕೊಬ್ಬಿವೆ ಎಂದರು. ಹಿಮ ಸೌಮ್ಯವಾಗಿದೆಯಾ ಎಂದ, ಸೌಮ್ಯವಾಗಿದೆ ಎಂದರು. ಮನೆ ಪೂರ್ತಿ ಸುಳ್ಳಿನಲ್ಲಿ ಮುಳುಗಿತ್ತು, ಆ ಸುಳ್ಳಿಗೆ ಮರ್ಯಾದೆ ಎಂಬ ಹೆಸರು ಬೇರೆ. ಓಚಿರ್ ಅದನ್ನೆಲ್ಲ ಶಬ್ದಕ್ಕೆ ಶಬ್ದ ವಿದೇಶಿಯರ ಭಾಷೆಗೆ ತಿರುಗಿಸಿ ಹೇಳಿದ. ಅವರು ತಲೆದೂಗಿದರು. ಹಳದಿ ಕೋಟಿನವಳು ಯಾಂಜ್ಮಾಳ ಕೈ ಹಿಡಿದು ಏನೋ ಅಂದಳು.

"ನಿಮ್ಮ ಕೈ ಎಷ್ಟು ಬೆಚ್ಚಗಿದೆ ಅಂತಿದಾರೆ ಯಾಂಜ್ಮಕ್ಕಾ" ಎಂದ ಓಚಿರ್.

ಯಾಂಜ್ಮಾ ನಕ್ಕಳು. ತುಮೆನ್ ಬಾಯಿ ತೆರೆದ. ಗೊಂಚಿಗ್ ಅವನತ್ತ ನೋಡಿದ ನೋಟಕ್ಕೆ ಬಾಯಿ ಮತ್ತೆ ಮುಚ್ಚಿತು. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂಬುದನ್ನು ಅವನಿಗೆ ಚಿಕ್ಕಂದಿನಲ್ಲೇ ಬಾರುಕೋಲಿನಿಂದ ಕಲಿಸಿದ್ದರು. ಬೆನ್ನು ಇನ್ನೂ ಮರೆತಿರಲಿಲ್ಲ.

"ತುಮೆನ್, ಇವರಿಗೆ ನಿನ್ನ ಕುದುರೆ ತೋರಿಸೋ" ಎಂದ ಓಚಿರ್. "ಇವರಿಗೆ ಕುದುರೆ ಫೋಟೋ ಬೇಕಂತೆ."

"ಹೋಗು" ಎಂದ ಗೊಂಚಿಗ್. ಕಣ್ಣಲ್ಲೇ ಹೇಳಿದ: ನೀನು ಹೊರಗೆ ಹೋಗು, ನಾನು ಹೇಳ್ತೀನಿ. ಮೊದಲ ಬಟ್ಟಲು ಮುಗಿಯುತ್ತ ಬಂದಿತ್ತು.

ಹೋದ. ವಿದೇಶಿ ಗಂಡ ಹಿಂದೆ ಬಂದ. ಕಂದು ಕುದುರೆಯ ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಆ ಮನುಷ್ಯ ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡು ಆ ಕಡೆ ತಿರುಗು, ಈ ಕಡೆ ತಿರುಗು ಎಂದು ಕೈ ಮಾಡಿದ. ತುಮೆನ್ ತಿರುಗಿದ. ಕಿವಿ ಮಾತ್ರ ಗುಡಾರದ ಕಡೆಗಿತ್ತು. ಈಗ ಹೇಳುತ್ತಿರಬಹುದು. ಈಗ ಹೇಳಿಯಾಯಿತು. ಈಗ ಓಚಿರ್ ಹೊರಗೆ ಓಡಿ ಬಂದು ಜೀಪಿನ ಹಿಂದಿನ ಸೀಟು ಮಡಚುತ್ತಾನೆ.

ಓಚಿರ್ ಹೊರಗೆ ಬಂದ. ಸೀಟು ಮಡಚಲಿಲ್ಲ. ಗಡಿಯಾರ ನೋಡಿಕೊಂಡು ವಿದೇಶಿಗೆ ಏನೋ ಕೂಗಿ ಹೇಳಿದ. ಹಳದಿ ಕೋಟಿನವಳು ಓಡಿ ಬಂದು ಹತ್ತಿದಳು, ಗಂಡನೂ ಹತ್ತಿದ. ತುಮೆನ್ ಕುದುರೆಯನ್ನು ಗೂಟಕ್ಕೆ ಕಟ್ಟುವಷ್ಟರಲ್ಲಿ ಬಾಗಿಲುಗಳು ಧಡಧಡ ಮುಚ್ಚಿ ಜೀಪು ಹೊರಟಿತ್ತು. ಯಾಂಜ್ಮಾ ಹೊಸ್ತಿಲ ಹೊರಗೆ ನಿಂತು, ಒಂದು ಕೈಯಲ್ಲಿ ಬಾಗಿಲ ಕಂಬ ಹಿಡಿದುಕೊಂಡು, ಮರದ ಸೌಟಿನಿಂದ ಜೀಪಿನ ಹಿಂದೆ ಹಾಲು ಚಿಮುಕಿಸಿದಳು. ಹೋಗುವವರ ದಾರಿ ಬೆಳ್ಳಗಿರಲಿ ಎಂದು. ಹಾಲು ಗಾಳಿಯಲ್ಲೇ ಹೆಪ್ಪುಗಟ್ಟಿ ಹರಳು ಹರಳಾಗಿ ಬಿತ್ತು. ಆಮೇಲೆ ಕಂಬದ ಗುಂಟ ಜಾರಿ ಕೂತಳು.

ತುಮೆನ್ ಓಡಿ ಬಂದು ಅವಳನ್ನು ಒಂದು ತೋಳಿಗೆ ಆನಿಸಿಕೊಂಡ. "ಹೇಳಿದ್ಯಾ?" ಎಂದು ಅಪ್ಪನ ಮೇಲೆ ಅರಚಿದ. "ಹೇಳಿದ್ಯಾ ಇಲ್ವಾ?"

ಗೊಂಚಿಗ್ ತುಂಬಿದ ಒಂದು ಬಟ್ಟಲನ್ನು ಎರಡೂ ಕೈ ಸೇರಿಸಿ ಹಿಡಿದುಕೊಂಡು ನಿಂತಿದ್ದ. ಅದರಿಂದ ಹಬೆ ಏಳುತ್ತಿತ್ತು.

"ಎರಡನೇ ಬಟ್ಟಲು ಕುಡೀಲಿಲ್ಲ ಅವರು" ಎಂದ. "ಬಗ್ಗಿಸಿದ್ದೆ. ಸೂರ್ಯ ಇಳಿಯೋದ್ರೊಳಗೆ ಕೆರೆ ಹತ್ರ ಹೋಗ್ಬೇಕು ಅಂತ ಎದ್ದುಬಿಟ್ರು."

"ಕೂಗಿ ನಿಲ್ಲಿಸೋದಲ್ವಾ?"

"ಹಾಲು ಹಾಕಾಯ್ತಲ್ಲೋ. ಹಾಲು ಹಾಕಿ ಕಳಿಸಿದ ಮೇಲೆ ಹಿಂದೆ ಕರೀಬಾರದು."

ತುಮೆನ್‌ಗೆ ಅಪ್ಪನನ್ನು ಹೊಡೆಯಬೇಕೆನಿಸಿತು. ಕೈ ಎತ್ತಿಯೂ ಬಿಟ್ಟಿದ್ದ. ಆ ಕೈಯಿಂದಲೇ ಬಟ್ಟಲನ್ನು ತಳ್ಳಿ ಕೆಡವಿದ, ಅಮ್ಮನನ್ನು ಹಾಸಿಗೆಯಲ್ಲಿ ಮಲಗಿಸಿದ. ತಡಿ ಹಾಕಲೂ ನಿಲ್ಲದೆ ಕಂದು ಕುದುರೆಯ ಬೆನ್ನಿಗೆ ಹಾರಿದ.

ಜೀಪು ಬಯಲಿನಲ್ಲಿ ಬಿಳಿ ಚುಕ್ಕೆಯಾಗಿತ್ತು. ಹಿಮದಲ್ಲಿ ಅದಕ್ಕೂ ವೇಗವಿರಲಿಲ್ಲ, ಕುದುರೆಗಂತೂ ಉಸಿರೇ ಇರಲಿಲ್ಲ. ತುಮೆನ್ ಟೋಪಿ ಕಿತ್ತು ಬೀಸಿದ. ಕೂಗಿದ. ಗಾಳಿ ಕೂಗನ್ನು ಅವನ ಬಾಯಿಗೇ ವಾಪಸು ತುರುಕಿತು. ಹತ್ತಿರವಾಗುತ್ತ ಹೋದಂತೆ ಜೀಪಿನ ಕಿಟಕಿ ಇಳಿಯಿತು. ಕ್ಯಾಮೆರಾದ ಉದ್ದ ಮೂತಿ ಹೊರಗೆ ಬಂತು. ಹಳದಿ ತೋಳೊಂದು ಅವನತ್ತ ಉತ್ಸಾಹದಿಂದ ಬೀಸಿತು. ಓಚಿರ್ ಹಾರನ್ ಹೊಡೆದ. ಅವರಿಗೆ ಅದು ಬೀಳ್ಕೊಡುಗೆಯ ಸವಾರಿ. ಊರಿಗೆ ಹೋಗಿ ತೋರಿಸಲು ಒಂದು ಚಿತ್ರ. ಬೆತ್ತಲೆ ಬೆನ್ನಿನ ಕುದುರೆ, ಟೋಪಿ ಬೀಸುವ ಅಲೆಮಾರಿ, ಹಿಂದೆ ಕೆಂಪು ಸೂರ್ಯ. ಅವನು ಅಳುತ್ತಿದ್ದದ್ದು ಅಷ್ಟು ದೂರದಿಂದ ಕಾಣುವಂತಿರಲಿಲ್ಲ.

ಕುದುರೆ ಮುಗ್ಗರಿಸಿತು. ಮುಂಗಾಲು ಮಡಚಿ ಕೂತಿತು, ಆಮೇಲೆ ಪಕ್ಕಕ್ಕೆ ಉರುಳಿತು. ಆಗ ಜೀಪು ನಿಂತಿತು. ಓಚಿರ್ ಇಳಿದು ಹಿಮದಲ್ಲಿ ಕಾಲೆತ್ತಿಡುತ್ತ ಬಂದ.

"ಏನೋ ತುಮೆನ್, ಏನಿದು? ಚೆನ್ನಾಗಿದೀಯಾ?"

"ಚೆನ್ನಾಗಿದೀನಿ" ಎಂದ ತುಮೆನ್.

ಮಾತು ತಾನಾಗಿ ಬಂದುಬಿಟ್ಟಿತ್ತು. ಇಷ್ಟು ಹೊತ್ತು ಅಪ್ಪನಿಗೆ ಹಾಕಿದ ಶಾಪವೆಲ್ಲ ತಿರುಗಿ ತನ್ನ ನಾಲಿಗೆಗೇ ತಗುಲಿದಂತಾಯಿತು. ಹಿಮವನ್ನು ಮುಷ್ಟಿಯಲ್ಲಿ ಹಿಡಿದು ತನ್ನ ಬಾಯಿಗೇ ತಿಕ್ಕಿಕೊಂಡ.

"ಇಲ್ಲ, ಚೆನ್ನಾಗಿಲ್ಲ. ಅಮ್ಮ ಸಾಯ್ತಿದಾಳೆ. ಹೊಟ್ಟೆ ಒಡೆದಿದೆ. ಗಾಡಿ ತಿರುಗಿಸು ಓಚಿರಣ್ಣ."

ಓಚಿರ್ ಕನ್ನಡಕ ತೆಗೆದ. "ನಗ್ತಾ ಚಹಾ ಕೊಟ್ರಲ್ಲೋ. ಚೆನ್ನಾಗಿದೀನಿ ಅಂದ್ರಲ್ಲೋ."

"ನೀನೆಲ್ಲಿ ಹುಟ್ಟಿದ್ದು? ನಿಮ್ಮಮ್ಮ ಯಾವತ್ತಾದ್ರೂ ಚೆನ್ನಾಗಿಲ್ಲ ಅಂತ ಅಂದಿದ್ಳಾ? ಎರಡನೇ ಬಟ್ಟಲು ಬಗ್ಗಿಸಿದ ಮೇಲೂ ಯಾಕೋ ಎದ್ದೆ?"

ಓಚಿರ್ ಬಾಯಿ ತೆರೆದ. ಬಯಲಿನ ಆ ಪದ್ಧತಿ ಅವನಿಗೆ ನೆನಪಾಯಿತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. "ಬೆಳಕು ಹೋಗುತ್ತೆ ಅಂತ..." ಎಂದ. ಜೀಪಿನ ಕಡೆ ಓಡಿದ.

ಬಿದ್ದ ಕುದುರೆಯನ್ನು ಅಲ್ಲೇ ಬಿಟ್ಟು ಜೀಪು ತಿರುಗಿತು. ಸಂಗತಿ ತಿಳಿದ ಮೇಲೆ ಹಳದಿ ಕೋಟಿನವಳು ತುಮೆನ್‌ನ ತೋಳು ಹಿಡಿದುಕೊಂಡು ಕೂತಳು. ಗಂಡ ಕ್ಯಾಮೆರಾವನ್ನು ಕಾಲ ಬಳಿ ಇಟ್ಟ. ಕೆಟ್ಟವರೇನಲ್ಲ. ಹೇಳಿದ್ದರೆ ಆಗಲೇ ಸೀಟು ಮಡಚುತ್ತಿದ್ದರು. ಅದೇ ತುಮೆನ್‌ಗೆ ತಡೆಯಲಾಗದ್ದು. ಒಂದೇ ಒಂದು ಮಾತು ಸಾಕಿತ್ತು, ಅಷ್ಟು ಜನರ ಬಾಯಲ್ಲಿ ಒಬ್ಬರ ಬಾಯಿಂದಲೂ ಅದು ಬರಲಿಲ್ಲ.

ಗುಡಾರ ಕಂಡಿತು. ಹೊಗೆ ಇರಲಿಲ್ಲ. ಸೂರ್ಯ ಇನ್ನೂ ಮುಳುಗಿರಲಿಲ್ಲ, ಆದರೂ ಗುಡಾರದ ನೆತ್ತಿಯಲ್ಲಿ ಹೊಗೆ ಹೋಗುವ ಕಿಂಡಿಯನ್ನು ಕಂಬಳಿ ಎಳೆದು ಮುಚ್ಚಿದ್ದರು. ಹಗಲಲ್ಲಿ ಅದನ್ನು ಯಾರೂ ಮುಚ್ಚುವುದಿಲ್ಲ, ಒಳಗೆ ಸಾವಾಗದ ಹೊರತು. ಓಚಿರ್ ಜೀಪಿನ ವೇಗ ತಗ್ಗಿಸಿದ. ಇನ್ನು ಅವಸರವಿಲ್ಲ ಎಂದು ಅವನ ಕಾಲಿಗೂ ತಿಳಿದಿತ್ತು.

ಗೊಂಚಿಗ್ ಬಾಗಿಲಲ್ಲಿ ನಿಂತಿದ್ದ. ನಾಯಿಯ ಕೊರಳು ಹಿಡಿದುಕೊಂಡಿದ್ದ.

ಮುಚ್ಚಿದ ಕಿಂಡಿಯ ಅರ್ಥ ತಿಳಿಯದ ಹಳದಿ ಕೋಟಿನವಳು ಎಲ್ಲರಿಗಿಂತ ಮೊದಲು ಇಳಿದು ಓಡಿದಳು. ಅವಳಿಗೆ ಗೊತ್ತಿದ್ದುದು ಒಂದೇ ವಾಕ್ಯ. ಕೇಳಬೇಕಾದುದು ಬೇರೆ ಇತ್ತು, ಅದಕ್ಕೆ ಮಾತಿರಲಿಲ್ಲ, ಇದ್ದುದನ್ನೇ ಕೇಳಿದಳು: "ಚಳಿಗಾಲ ಚೆನ್ನಾಗಿ ಕಳೀತಿದೀರಾ?"

"ಚೆನ್ನಾಗಿ ಕಳೀತಿದೀವಿ ಕಣಮ್ಮ" ಎಂದ ಗೊಂಚಿಗ್. ಧ್ವನಿ ಅಲುಗಲಿಲ್ಲ. "ಒಳಗೆ ಬನ್ನಿ. ಚಹಾ ಕುಡೀರಿ."

ಅವಳು ತಿರುಗಿ ಓಚಿರ್‌ನತ್ತ ನೋಡಿದಳು, ಏನಂದರು ಎಂಬಂತೆ. ತುಮೆನ್ ಓಚಿರ್‌ನ ಕಾಲರ್ ಹಿಡಿದು ಅವಳ ಮುಂದೆ ನಿಲ್ಲಿಸಿದ.

"ಹೇಳು" ಎಂದ. "ಅಪ್ಪ ಅಂದಿದ್ದನ್ನಲ್ಲ. ಒಳಗೆ ಇರೋದನ್ನ ಹೇಳು."

ಓಚಿರ್ ಗೊಂಚಿಗ್‌ನ ಮುಖ ನೋಡಿದ, ನೆಲ ನೋಡಿದ.

"ಮೊದ್ಲು ಚಹಾ ಕುಡಿಯೋಣ ತುಮೆನ್" ಎಂದ.