ಬ್ರೇಕಮ್ಮನ ಮೊದಲ ಸಾವಿರದ ಐನೂರು ಕಿಲೋಮೀಟರು

ಗಂಟೆಗೆ ಇನ್ನೂರ ತೊಂಬತ್ತು ಕಿಲೋಮೀಟರು ಓಡಬಲ್ಲ ಕಾರನ್ನು ಬ್ರೇಕಮ್ಮ ಷೋರೂಮಿನಿಂದ ಮನೆಗೆ ತಂದದ್ದು ಮೂವತ್ತೆಂಟರ ವೇಗದಲ್ಲಿ. ದಾರಿಯಲ್ಲಿ ಎರಡು ಸ್ಕೂಟರು, ಒಂದು ಬ್ರೆಡ್ಡಿನ ವ್ಯಾನು, ಒಬ್ಬ ಸೈಕಲ್ಲಿನವನು ಅದನ್ನು ಹಿಂದೆ ಹಾಕಿದರು. ಸೈಕಲ್ಲಿನವನಿಗೆ ಇಳಿಜಾರಿನ ಅನುಕೂಲವಿತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಬ್ರೇಕಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಆಕೆಗೆ ಶಿಷ್ಯರು ಬೆನ್ನ ಹಿಂದೆ ಇಟ್ಟದ್ದು. ಆಕೆಗೆ ಇದು ಗೊತ್ತಿಲ್ಲವೆಂದು ಎಲ್ಲರೂ ನಂಬಿದ್ದರು. ಆಕೆಯೂ ಆ ನಂಬಿಕೆ ಕೆಡಿಸಲು ಹೋಗಿರಲಿಲ್ಲ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಎರಡೂ ತಡೆಯುವ ಸಾಮಾನು. ಮುಂದಕ್ಕೆ ಒಯ್ಯುವ ಪೆಡಲು ಶಿಷ್ಯನ ಕಾಲ ಕೆಳಗೆ ಮಾತ್ರ. ಆ ಬ್ರೇಕಿನ ಮೇಲೆ ಆಕೆಯ ಬಲಗಾಲು ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ, ಗಿಡುಗ ಕೊಂಬೆಯ ಮೇಲೆ ಕೂತ ಹಾಗೆ ಕೂತಿರುತ್ತಿತ್ತು. ನೂರಾರು ನಾಯಿಗಳು, ಹತ್ತಾರು ಕಾಂಪೌಂಡ್ ಗೋಡೆಗಳು ಆ ಕಾಲಿನ ದಯೆಯಿಂದ ಇನ್ನೂ ಇದ್ದವು.

"ಆಟೋಮ್ಯಾಟಿಕ್ ತಗೊಳ್ಳಿ ಮೇಡಂ, ಕಾಲಿಗೆ ಆರಾಮ," ಎಂದಿದ್ದ ಷೋರೂಮಿನವನು.

"ಗೇರಿಲ್ಲದ್ದು ಕಾರಲ್ಲಪ್ಪ, ಲಿಫ್ಟು."

ಅವನು ಮತ್ತೆ ಆ ಮಾತೆತ್ತಲಿಲ್ಲ. ಅವನೂ ಆಕೆಯ ಹತ್ತಿರ ಕಲಿತವನೇ.

ಮನೆಯ ಮುಂದೆ ಹಾರ್ನ್ ಕೇಳಿ ಗಂಡ ಹೊರಬಂದರು. ಅವರು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವರು. ಕಿವಿಯ ಮೇಲೆ ಪೆನ್ಸಿಲು ಇಲ್ಲದೆ ಅವರನ್ನು ಕಂಡವರಿಲ್ಲ. ಡ್ರೈವಿಂಗ್ ಬರುವುದಿಲ್ಲ, ಕಲಿಯುವ ಆಸೆಯಾಗಲಿ, ಹೆಂಡತಿಯ ಶಿಷ್ಯನಾಗುವ ಧೈರ್ಯವಾಗಲಿ ಇರಲಿಲ್ಲ. ಕೆಂಪು ಕಾರಿನ ಸುತ್ತ ಒಂದು ಸಲ ನಡೆದು ಬಗ್ಗಿ ಒಳಗೆ ನೋಡಿದರು.

"ಎರಡೇ ಸೀಟು."

"ನಾವಿರೋದೂ ಎರಡೇ ಜನ ಅಲ್ವೇನ್ರೀ?"

"ಅದೂ ನಿಜ," ಎಂದರು, ಬಹಳ ದಿನದಿಂದ ಕಾಡುತ್ತಿದ್ದ ಒಂದು ವಾಕ್ಯ ಸರಿಹೋದವರಂತೆ.

ಆಕೆಯ ತಮ್ಮ ಎದುರು ಮನೆಯವನು, ಟೈರ್ ಅಂಗಡಿ ಇಟ್ಟವನು. ಅವನು ಬಾಲ್ಕನಿಯಿಂದಲೇ ಕೂಗಿದ: "ಏನಕ್ಕ, ತಳ್ಕೊಂಡು ಬಂದ್ಯಾ? ಎಂಜಿನ್ ಶಬ್ದಾನೇ ಕೇಳಿಸ್ಲಿಲ್ಲ!"

ಕೆಳಗಿಳಿದು ಬಂದವನು ಮೊದಲು ನೋಡಿದ್ದು ಟೈರುಗಳನ್ನು. ಮಂಡಿಯೂರಿ, ಅಂಗೈಯಿಂದ ನಾಲ್ಕನ್ನೂ ಸವರಿದ. ಆಮೇಲೆ ಎದ್ದು, "ಇಷ್ಟು ಒಳ್ಳೆ ರಬ್ಬರ್ ಹಾಕ್ಕೊಂಡು ಮೂವತ್ತೆಂಟರಲ್ಲಿ ಬರೋದು ಪಾಪ ಕಣಕ್ಕ," ಎಂದ.

"ಪುಸ್ತಕದಲ್ಲಿ ಹಾಗೇ ಹೇಳಿದೆ."

ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಹೇಳಿದ್ದು ಇಷ್ಟು: ಮೊದಲ ಸಾವಿರದ ಐನೂರು ಕಿಲೋಮೀಟರು ಎಂಜಿನ್ನು ಪಳಗುವ ಕಾಲ. ಅಲ್ಲಿಯವರೆಗೆ ಮುಳ್ಳು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ದಾಟಬಾರದು. ಮೂವತ್ತೆಂಟು ಎಂದು ಎಲ್ಲೂ ಹೇಳಿರಲಿಲ್ಲ. ಅದು ಆಕೆ ತನ್ನ ಕಡೆಯಿಂದ ಸೇರಿಸಿದ ಎಚ್ಚರಿಕೆ. ಪುಸ್ತಕವನ್ನು ಅದೇ ಸಂಜೆ ಮೊದಲ ಪುಟದಿಂದ ಕೊನೆಯವರೆಗೆ ಓದಿದ ಏಕೈಕ ಮನುಷ್ಯ ಕಾರು ಓಡಿಸಲು ಬಾರದ ಗಂಡ. ಹದಿಮೂರು ಅಚ್ಚಿನ ತಪ್ಪು ಸಿಕ್ಕವು. ಕಾರಿನ ಬಗ್ಗೆ ಅವರಿಗೆ ಗೌರವ ಬಂದದ್ದು ಅಷ್ಟು ಕಡಿಮೆ ಸಿಕ್ಕಿದ್ದರಿಂದ.

"ಇವೆಲ್ಲ ಕಂಪನಿಯೋರು ಹೆದರಿಸೋಕೆ ಬರೆಯೋದು ಭಾವ," ಎಂದ ತಮ್ಮ, ಊಟಕ್ಕೆ ಕೂತಾಗ. "ಅಕ್ಕ, ನಾಳೆ ಬೈಪಾಸಿನಲ್ಲಿ ಒಂದೇ ಒಂದ್ಸಲ ತುಳಿದು ನೋಡು. ಇಲ್ಲ, ನನಗೆ ಕೊಡು."

"ನಿನಗೆ ಲೈಸೆನ್ಸ್ ಬರೋಕೆ ಎಷ್ಟು ತಿಂಗಳು ಹಿಡೀತು?"

"ಅದನ್ಯಾಕೆ ಈಗ ಎತ್ತೀಯ?"

"ಎಷ್ಟು?"

"ಒಂಬತ್ತು."

"ತಮ್ಮ ಅಂತ ರಿಯಾಯಿತಿ ಕೊಟ್ಟೂ ಒಂಬತ್ತು," ಎಂದು ಆಕೆ ಅವನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು. "ಸಾವಿರದ ಐನೂರು ಆಗ್ಲಿ. ಸರ್ವೀಸ್ ಮಾಡ್ಸಿ ರೇಸ್ ಟ್ರ್ಯಾಕಿಗೆ ಒಯ್ತೀನಿ. ಒಬ್ಬಳೇ ಒಂದು ಸುತ್ತು ಹೊಡೀತೀನಿ. ಪೂರ್ತಿ ತುಳಿದು."

ಗಂಡ ಪೆನ್ಸಿಲು ಕೆಳಗಿಟ್ಟರು. ಅವರು ಪೆನ್ಸಿಲು ಕೆಳಗಿಡುವುದು ಅಪರೂಪ. "ಇದು ಯಾಕೆ ಬೇಕೇ ನಿನಗೆ? ಚೇಷ್ಟೆಗಲ್ಲ, ನಿಜವಾಗಿ ಕೇಳ್ತಿದ್ದೀನಿ."

ಆಕೆ ಉತ್ತರಕ್ಕೆ ಹುಡುಕಾಡಲಿಲ್ಲ. "ಇಪ್ಪತ್ತೆಂಟು ವರ್ಷ ಕಂಡೋರ ಕಾಲಿಗೆ ಹೆದರ್ಕೊಂಡು ಕೂತಿದ್ದೀನಿ ರೀ. ನನ್ನ ಕಾಲಿಗೆ ನಾನೆಷ್ಟು ಹೆದರ್ಬೇಕು ಅಂತ ಒಂದ್ಸಲ ನೋಡ್ಬೇಕು."

"ಹೆದರೋದೇನು ಬಂತು, ಆ ಕಾಲು ಬ್ರೇಕ್ ಬಿಟ್ರೆ ತಾನೆ?" ಎಂದ ತಮ್ಮ. ಅವನು ತಮಾಷೆಗೆ ಹೇಳಿದ್ದ. ಆಕೆ ನಗಲಿಲ್ಲ.

ಆಮೇಲಿನ ಐದು ವಾರ ಊರು ಒಂದು ವಿಚಿತ್ರ ಶಿಸ್ತಿಗೆ ಬಿತ್ತು. ರಸ್ತೆಯ ಮೇಲಿದ್ದವರಲ್ಲಿ ಅರ್ಧಕ್ಕರ್ಧ ಜನ ಬ್ರೇಕಮ್ಮನ ಕೈಯಲ್ಲಿ ಬೈಸಿಕೊಂಡು ಕಲಿತವರು. ಮೊದಲು ಆಕೆ ಹಳೆಯ ಬಿಳಿ ಕಾರುಗಳಲ್ಲಿ ಬರುತ್ತಿದ್ದಾಗ ಯಾವುದರಲ್ಲಿದ್ದಾಳೆಂದು ತಿಳಿಯುತ್ತಿರಲಿಲ್ಲ. ಈಗ ಅರ್ಧ ಮೈಲಿ ದೂರದಿಂದಲೇ ಕೆಂಪು ಕಾಣುತ್ತಿತ್ತು. ಸಿಗ್ನಲ್ಲಿನಲ್ಲಿ ಆ ಕಾರು ಬಂದು ನಿಂತರೆ ಅಕ್ಕಪಕ್ಕದಲ್ಲಿ ಸೀಟ್ ಬೆಲ್ಟುಗಳು ಟಪಟಪ ಬಿಗಿದುಕೊಳ್ಳುತ್ತಿದ್ದವು, ಫೋನುಗಳು ತೊಡೆಯ ಕೆಳಗೆ ಹೋಗುತ್ತಿದ್ದವು. ಒಬ್ಬ ಬ್ಯಾಂಕ್ ಮ್ಯಾನೇಜರು ಕನ್ನಡಿ ಸರಿಮಾಡಿಕೊಂಡು, ಆಕೆ ನೋಡಿದಳೋ ಇಲ್ಲವೋ ಎಂದು ಮತ್ತೊಮ್ಮೆ ಸರಿಮಾಡಿಕೊಂಡ. ಆಕೆ ನೋಡಿದ್ದಳು. ಗಂಭೀರವಾಗಿ ತಲೆಯಾಡಿಸಿ, ಹಸಿರು ಬಂದ ಮೇಲೆ ಎಲ್ಲರಿಗಿಂತ ಹಿಂದೆ ಹೊರಟಳು.

ಹೆಮ್ಮೆ ಇರಲಿಲ್ಲವೆಂದಲ್ಲ. ಹೆಮ್ಮೆ ತುಂಬಿ ತುಳುಕುತ್ತಿತ್ತು. ತುಳುಕದ ಹಾಗೆ ಓಡಿಸುತ್ತಿದ್ದಳು ಅಷ್ಟೆ. ಕಾರನ್ನು ಬೇರೆಯವರಿಂದ ತೊಳೆಸುತ್ತಿರಲಿಲ್ಲ. ಎರಡು ಬಕೆಟ್ಟು, ಒಂದು ಸೋಪಿನದು, ಒಂದು ಬರೀ ನೀರಿನದು. ಚಕ್ರಕ್ಕೆ ಬೇರೆ ಬಟ್ಟೆ. ಪೀಠೋಪಕರಣದ ಅಂಗಡಿಯ ಮುಂದೆ ಹೋಗುವಾಗ ಉದ್ದ ಗಾಜಿನಲ್ಲಿ ತನ್ನ ಕಾರು ಹೋಗುವುದನ್ನು ಓರೆಗಣ್ಣಿನಿಂದ ನೋಡಿಕೊಳ್ಳುತ್ತಿದ್ದಳು. ಶಿಷ್ಯನೊಬ್ಬ ಹಾಗೆ ನೋಡಿದ್ದರೆ ಅವನ ಮೂರು ತಲೆಮಾರು ನೆನಪಾಗುವಂತೆ ಬೈಯುತ್ತಿದ್ದಳು. ಹೊಸದಾಗಿ ಸೇರಿದವರು "ಮೇಡಂ, ಇದರಲ್ಲೂ ಕಲಿಸ್ತೀರಾ?" ಎಂದು ಹಲ್ಲು ಕಿರಿದರೆ, "ಕಲಿಸ್ತೀನಿ. ಮೊದಲು ಇದರಲ್ಲಿ ಹಿಂದಕ್ಕೆ ನೆಟ್ಟಗೆ ಹೋಗು," ಎಂದು ಬಿಳಿ ಕಾರಿನ ಬಾಗಿಲು ತೆಗೆಯುತ್ತಿದ್ದಳು.

ಸಾವಿರದ ಐನೂರು ಮುಗಿಯಿತು. ಸರ್ವೀಸಿನವರು ಹಳೆಯ ಆಯಿಲ್ ತೆಗೆದು ಹೊಸದು ತುಂಬಿ, ಇಷ್ಟು ಮುದ್ದಾಗಿ ಪಳಗಿಸಿದ ಎಂಜಿನ್ನು ತಾವು ಕಂಡಿಲ್ಲವೆಂದರು. ಆಕೆ ಅದನ್ನು ಗಂಡನಿಗೆ ಎರಡು ಸಲ ಹೇಳಿದಳು, ತಮ್ಮನಿಗೆ ಮೂರು ಸಲ.

ರೇಸ್ ಟ್ರ್ಯಾಕಿನಲ್ಲಿ ಒಂದು ನಿಯಮವಿತ್ತು. ಹೊಸಬರು ಮೊದಲು ಅಲ್ಲಿಯ ಬೋಧಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುತ್ತಬೇಕು. ಅವನು ಚೀಟಿಗೆ ಸಹಿ ಹಾಕಿದರೆ ಆಮೇಲೆ ಒಬ್ಬರೇ. ಹಾಕದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಬೋಧಕ ನಲವತ್ತರ ಆಸುಪಾಸಿನವನು, ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದವನು ಕಾರಿನ ಹತ್ತಿರ ಬಂದು ಥಟ್ಟನೆ ನೆಟ್ಟಗಾದ.

"ಮೇಡಂ! ನಾನು ಗೊತ್ತಾಗ್ಲಿಲ್ವಾ?"

ಆಕೆ ಅವನ ಬೋಳುತಲೆಯ ಮೇಲೆ ಹಳೆಯ ಕೂದಲನ್ನು ಕಲ್ಪಿಸಿಕೊಂಡು ನೋಡಿದಳು. "ಬಾಣ!"

ಬಾಣ ಎಂದು ಕರೆದವಳು ಆಕೆಯೇ. ಬಿಟ್ಟರೆ ಹೋಗುವುದೊಂದೇ ಗೊತ್ತಿದ್ದ ಹುಡುಗ. ನಿಲ್ಲುವುದು ಎಲ್ಲಾದರೂ ನಾಟಿದ ಮೇಲೆ. ಅವನನ್ನು ಏಳು ತಿಂಗಳು ಪರೀಕ್ಷೆಗೆ ಕಳಿಸದೆ ಹಿಡಿದಿಟ್ಟಿದ್ದಳು.

"ಗುರುವಿಗೇ ತಿರುಮಂತ್ರ," ಎಂದ ತಮ್ಮ ಹಿಂದಿನಿಂದ, ಕೈ ಉಜ್ಜಿಕೊಳ್ಳುತ್ತ. ಅವನು ಅಂಗಡಿಗೆ ಬೀಗ ಹಾಕಿ, ಭಾವನನ್ನೂ ಕರೆದುಕೊಂಡು ಬಂದದ್ದು ವ್ಯರ್ಥವಾಗಿರಲಿಲ್ಲ.

ಟ್ರ್ಯಾಕಿನ ನೇರ ರಸ್ತೆಯ ಕೊನೆಯಲ್ಲಿ ತಿರುವಿಗೆ ಮುಂಚೆ ಮೂರು ಬೋರ್ಡುಗಳಿದ್ದವು: ಇನ್ನೂರು, ನೂರೈವತ್ತು, ನೂರು. ತಿರುವು ಇನ್ನೆಷ್ಟು ಮೀಟರ್ ದೂರ ಎಂಬ ಲೆಕ್ಕ. ಬ್ರೇಕು ಹಿಡಿಯಬೇಕಾದ್ದು ನೂರರಲ್ಲಿ ಎಂದು ಬಾಣ ಹೇಳಿಕೊಟ್ಟ. ಆಕೆ ಹೂಂಗುಟ್ಟಿ ಇನ್ನೂರರಲ್ಲಿ ಹಿಡಿದಳು. ಎರಡನೇ ಸುತ್ತಿನಲ್ಲೂ ಇನ್ನೂರು. ಮೂರನೆಯದರಲ್ಲಿ ಹಲ್ಲು ಕಚ್ಚಿ ನೂರತೊಂಬತ್ತು. ಅಷ್ಟರಲ್ಲಿ ಐದು ಕಾರುಗಳು ಆಕೆಯನ್ನು ದಾಟಿ ಮುಂದೆ ಹೋದವು. ಪ್ರತಿಯೊಬ್ಬನೂ ಕೈಯೆತ್ತಿ ಹೋದ.

"ಎಷ್ಟು ಮರ್ಯಾದಸ್ಥ ಹುಡುಗರು ನೋಡು," ಎಂದಳು.

"ಮೇಡಂ, ನೀವು ಇಂಡಿಕೇಟರ್ ಹಾಕ್ತಿದ್ದೀರಿ."

"ತಿರುವು ಬಂತಲ್ಲೋ!"

"ಇಲ್ಲಿ ಇಂಡಿಕೇಟರ್ ಹಾಕೋದು ಹಿಂದಿನವರಿಗೆ ದಾರಿ ಬಿಡೋಕೆ ಮೇಡಂ. ನೀವು ದಾರಿ ಬಿಟ್ರಿ, ಅವ್ರು ಥ್ಯಾಂಕ್ಸ್ ಹೇಳಿ ಹೋದ್ರು."

ಮುಂದಿನ ತಿರುವಿನಲ್ಲೂ ಆಕೆಯ ಕೈ ತಾನಾಗಿಯೇ ಇಂಡಿಕೇಟರಿಗೆ ಹೋಗಿ, ನಾಚಿ ಹಿಂದೆ ಬಂತು.

ಕಾರು ನಿಂತ ಮೇಲೆ ಬಾಣ ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತ ಕೂತ.

"ಸಹಿ ಹಾಕಲ್ಲ ಮೇಡಂ."

"ಯಾಕೆ ಅಂತ ಹೇಳು. ಸುಮ್ನೆ ಇಲ್ಲ ಅಂದ್ರೆ ಆಗಲ್ಲ."

"ನೀವು ತುಳಿಯೋದಕ್ಕೆ ಮುಂಚೆ ನಿಮ್ಮ ಕಾಲೇ ತುಳಿದಿರುತ್ತೆ. ಹಿಂದೆ ಬರೋನು ನೀವು ನೂರರವರೆಗೆ ನಿಧಾನ ಮಾಡಲ್ಲ ಅಂತ ನಂಬ್ಕೊಂಡು ಬರ್ತಿರ್ತಾನೆ. ಒಬ್ಬ ಬಂದು ಗುದ್ದಿದ್ರೆ?" ಅವನ ಕಿವಿ ಕೆಂಪಾಗಿತ್ತು, ಆದರೆ ದನಿ ಅಲುಗಲಿಲ್ಲ. "ಯಾರಿಗಾದ್ರೂ ಹಾಕ್ಬಹುದು, ನಿಮಗೆ ಸುಮ್ಮನೆ ಹಾಕಲ್ಲ."

ಸಿಟ್ಟು ಬಂತು. ಬಂದ ಸಿಟ್ಟಿಗೆ ಕೂರಲು ಜಾಗ ಸಿಗಲಿಲ್ಲ. ಆ ಮಾತನ್ನು ಅವನು ಎಲ್ಲಿ ಕಲಿತನೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಕ್ಯಾಂಟೀನಿನಲ್ಲಿ ಬನ್ನು ಮುರಿಯುತ್ತ ತಮ್ಮ, "ಸಹಿ ತಾನೆ? ನಾನು ಹಾಕ್ಲಾ? ನನ್ನ ಸಹಿ ಯಾರಿಗೂ ಓದೋಕೆ ಬರಲ್ಲ," ಎಂದ. ಆಕೆ ಅವನ ಕಡೆ ನೋಡಿದ ರೀತಿಗೆ ಬನ್ನಿನ ಉಳಿದರ್ಧವನ್ನು ಪೂರ್ತಿ ಬಾಯಿಗೆ ತುರುಕಿಕೊಂಡ.

ಗಂಡ ಕೇಳಿದರು: "ಅವನು ಹೇಳಿದ್ದು ಸರಿಯಾ?"

"ಸರಿಯೇ."

"ಹಾಗಾದ್ರೆ ಕಷ್ಟ ಮುಗೀತಲ್ಲ. ತಪ್ಪು ಎಲ್ಲಿದೆ ಅಂತ ಕಾಣೋವರೆಗೆ ಕಷ್ಟ. ಕಂಡ ಮೇಲೆ ತಿದ್ದೋದು ಬರೀ ಕೆಲಸ."

ಆಕೆ ಕಾಫಿಯನ್ನು ಅರ್ಧಕ್ಕೆ ಬಿಟ್ಟೆದ್ದಳು. ನೇರ ಬಾಣನ ಹತ್ತಿರ ಹೋಗಿ, ತಮ್ಮನಿಗೆ ಒಂದು ಸಲ ಮುಟ್ಟಲೂ ಕೊಡದ ಕೀಲಿಯನ್ನು ಅವನ ಅಂಗೈ ಮೇಲೆ ಇಟ್ಟಳು.

"ನೀನು ಓಡಿಸು. ನಾನು ಪಕ್ಕದಲ್ಲಿ ಕೂರ್ತೀನಿ. ಆ ಸೀಟಿನಿಂದ ಆದ್ರೆ ನನಗೆ ಎಲ್ಲ ಕಾಣುತ್ತೆ."

ಮೊದಲ ಸುತ್ತಿನಲ್ಲಿ ಇನ್ನೂರರ ಬೋರ್ಡು ಬಂದಾಗ ಆಕೆಯ ಬಲಗಾಲು ಏನೂ ಇಲ್ಲದ ನೆಲವನ್ನು ಒತ್ತಿತು. ನೂರೈವತ್ತರಲ್ಲಿ ಇನ್ನಷ್ಟು ಒತ್ತಿತು. ಕಾರು ಆ ಒತ್ತಿಗೆ ಸೊಪ್ಪು ಹಾಕದೆ ನೂರಕ್ಕೆ ಹೋಗಿ, ಅಲ್ಲಿ ಬ್ರೇಕು ಹಿಡಿದು, ಸುಖವಾಗಿ ತಿರುಗಿತು. ಎರಡನೇ ಸುತ್ತಿನಲ್ಲಿ ಆಕೆ ಕಾಲನ್ನು ಮರೆತು ರಸ್ತೆ ನೋಡಿದಳು. ಕಾರಿನ ಮೂತಿ ಎಲ್ಲಿ ತಗ್ಗುತ್ತದೆ, ಭಾರ ಎಲ್ಲಿ ಮುಂದಕ್ಕೆ ಬರುತ್ತದೆ, ಎಲ್ಲವನ್ನೂ. ಮೂರನೇ ಸುತ್ತು ಮುಗಿಯುತ್ತಿದ್ದಂತೆ ಬಾಯಿ ತೆರೆದಳು.

"ಬೇಗ ಹಿಡಿದೆ."

"ಏನು ಮೇಡಂ?"

"ನೂರಹತ್ತರಲ್ಲೇ ಹಿಡಿದೆ. ನಾನು ನೋಡಿದೆ. ಗಮನ ಎಲ್ಲಿತ್ತು?"

"ಸಾರಿ ಮೇಡಂ," ಎಂದ ಬಾಣ, ಹತ್ತೊಂಬತ್ತು ವರ್ಷದವನ ದನಿಯಲ್ಲಿ.

"ಇಳಿ. ಈ ಕಡೆ ಬಾ."

ಈಗ ಸ್ಟೀರಿಂಗ್ ಹಿಂದೆ ಕೂತವಳು ಬ್ರೇಕಮ್ಮ. ನೇರ ರಸ್ತೆ ಬಂದದ್ದೇ ಆಕೆ ಬೈಯಲು ಶುರುಮಾಡಿದಳು. ಮೊದಲು ಬಾಣ ತನಗೇ ಎಂದುಕೊಂಡು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡ.

"ಬೇಡ. ಬೇಡಮ್ಮ. ಎತ್ತು ಕಾಲು. ಇನ್ನೂರಂತೆ! ಯಾರು ಹೇಳಿದ್ರು ನಿನಗೆ ಹಿಡಿ ಅಂತ? ಬೋರ್ಡು ಕಚ್ಚುತ್ತಾ? ಬಿಡು. ಇನ್ನೂ ಜಾಗ ಇದೆ. ಇದೆ. ಈಗ!"

ಕಾರು ನೂರರಲ್ಲಿ ಮೂತಿ ತಗ್ಗಿಸಿ ತಿರುಗಿತು. ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ಮೊಂಡು ಶಿಷ್ಯೆ ಆಕೆಗೆ ಸಿಕ್ಕಿರಲಿಲ್ಲ. ನಾಲ್ಕು ಸುತ್ತು ಬೈಯಬೇಕಾಯಿತು. ಐದನೆಯದರಲ್ಲಿ ಬೈಯುವಂಥದ್ದೇನೂ ಉಳಿಯದೆ ಸುಮ್ಮನೆ ಓಡಿಸಿದಳು.

ಬಾಣ ಚೀಟಿಗೆ ಸಹಿ ಹಾಕಿ, ದಿನಾಂಕ ಬರೆದು, ಇಳಿದು, ಬಾಗಿಲನ್ನು ಎರಡೂ ಕೈಯಿಂದ ಮೆಲ್ಲಗೆ ಮುಚ್ಚಿದ. "ಹೋಗಿ ಬನ್ನಿ ಮೇಡಂ. ಒಬ್ರೇ."

ಪಕ್ಕದ ಸೀಟು ಖಾಲಿ. ಆಕೆ ಅದನ್ನು ಒಂದು ಕ್ಷಣ ನೋಡಿ, ಕನ್ನಡಿ ನೋಡಿ, ಹೊರಟಳು.

ಮೆಟ್ಟಿಲುಗಳ ಮೇಲೆ ಹತ್ತಿಪ್ಪತ್ತು ಜನ ಬಿಸಿಲಿಗೆ ಕೈ ಅಡ್ಡ ಹಿಡಿದು ಕೂತಿದ್ದರು. ಬೇಲಿಯ ಜಾಲರಿಗೆ ಫೋನನ್ನು ಒತ್ತಿ ಹಿಡಿದು ತಮ್ಮ ನಿಂತಿದ್ದ. ಗಂಡ ಮೂರನೇ ಮೆಟ್ಟಿಲಲ್ಲಿ, ಟೋಪಿ ಹಾಕಿದ ಒಬ್ಬ ಅಪರಿಚಿತನ ಪಕ್ಕ, ತೊಡೆಯ ಮೇಲೆ ಪ್ರೂಫಿನ ಕಟ್ಟು. ದೂರದ ತಿರುವಿನಿಂದ ಎಂಜಿನ್ನಿನ ದನಿ ಎದ್ದಿತು. ಐದು ವಾರ ನಾಲ್ಕು ಸಾವಿರದ ಕೆಳಗೆ ಮಾತಾಡಿಕೊಂಡಿದ್ದ ದನಿ ಅದೇ ಮೊದಲ ಸಲ ಪೂರ್ತಿ ಬಾಯಿ ತೆರೆದು ಏರಿತು, ಏರುತ್ತಲೇ ಹೋಯಿತು. ಕೆಂಪನೆಯದೊಂದು ಅವರ ಮುಂದಿನಿಂದ ಹರಿದು ಹೋಯಿತು. ಕಟ್ಟಿನ ಮೇಲಿನ ಹಾಳೆಗಳೆರಡು ಹಾರಿದವು. ಇನ್ನೂರರ ಬೋರ್ಡು ದಾಟಿತು, ನೂರೈವತ್ತು ದಾಟಿತು. ನೂರರಲ್ಲಿ ಹಿಂದಿನ ದೀಪಗಳು ಕೆಂಪಾಗಿ ಹೊತ್ತಿಕೊಂಡು ಕಾರು ತಿರುವಿನಾಚೆ ಮರೆಯಾಯಿತು. ಇಂಡಿಕೇಟರ್ ಬೆಳಗಲಿಲ್ಲ.

"ಥತ್, ಬರೀ ರಸ್ತೆ ಬಂತು!" ಎಂದ ತಮ್ಮ, ಫೋನಿನಲ್ಲಿ ಮೂಡಿದ ಚಿತ್ರ ನೋಡಿ.

ಹೊಸಬರ ಹತ್ತಿರ ತಾವಾಗಿ ಮಾತಾಡಿದ ಅಭ್ಯಾಸ ಗಂಡನಿಗೆ ಇರಲಿಲ್ಲ. ಹಾರಿದ ಹಾಳೆಗಳನ್ನು ಎತ್ತಿಕೊಳ್ಳದೆ, ಪಕ್ಕದ ಟೋಪಿಯವನ ತೋಳನ್ನು ಬೆರಳಿನಿಂದ ತಟ್ಟಿದರು.

"ಈಗ ಹೋಯ್ತಲ್ಲ, ಅದು ನನ್ನ ಹೆಂಡತಿ."

"ಎಲ್ಲಿ?" ಎಂದು ಅವನು ಕತ್ತು ಚಾಚಿದ. "ನನಗೆ ಕಾಣ್ಲೇ ಇಲ್ವಲ್ಲ!"

"ಹೂಂ," ಎಂದರು ಗಂಡ. "ಅದನ್ನೇ ಹೇಳಿದ್ದು."